ಹಿತ್ತಲ ಖೋಲಿ

ಸುಣ್ಣದ ಗೆರೆಗಳಲ್ಲಿ ಮನೆ ಇಷ್ಟು ಸಣ್ಣದಾಗಿ ಕಾಣುತ್ತದೆ ಎಂದು ಗುರುಪುತ್ರಪ್ಪ ಮಾಸ್ತರ ಎಣಿಸಿರಲಿಲ್ಲ. ನಕಾಶೆಯ ಮೇಲೆ ಪಡಸಾಲೆಯಾಗಿದ್ದದ್ದು ಬೆಳಗಾವಿ ಸದಾಶಿವನಗರದ ಈ ಕೆಂಪು ನೆಲದಲ್ಲಿ ಎರಡು ಹೊರಸು ಹಾಕಿದರೆ ಮುಗಿದುಹೋಗುವಂತಿತ್ತು. ಅಡಿಗೆಮನೆಯಲ್ಲಿ ಹೆಂಡತಿ ಕಾಂತಾ ರೊಟ್ಟಿ ಬಡಿಯಲು ಕೂತರೆ ಅವಳ ಮೊಣಕಾಲು ಗೆರೆ ದಾಟಿ ಪಕ್ಕದ ಪ್ಲಾಟಿಗೆ ಹೋಗುವಂತಿತ್ತು. ಇಷ್ಟಕ್ಕಾಗಿ ಇಷ್ಟು ವರ್ಷ ಹಲ್ಲು ಕಚ್ಚಿದೆನೇ ಎಂದು ಅವನು ನಿಂತಿದ್ದ. ಮನೆ ಕಟ್ಟುವ ಗವಂಡಿ ಇಸಾಕ ಸುಣ್ಣದ ಕೈ ಕೊಡವುತ್ತ ಅವನ ಮುಖ ನೋಡಿ ನಕ್ಕ. "ಗೆರಿ ಹಾಕಿದಾಗ ಸಣ್ಣದಽ ಕಾಣತೈತ್ರಿ ಮಾಸ್ತರ. ಗ್ವಾಡಿ ಎದ್ದಮ್ಯಾಲ ಅದಽ ದೊಡ್ಡದಾಗತೈತಿ. ಎಲ್ಲಾರೂ ಹಿಂಗಽ ಹೆದರತಾರ." ಸುತ್ತ ನಿಂತವರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಕ್ಕ ಸಿದ್ದಕ್ಕ. ಆ ನಗೆಯ ಕಡೆ ಗುರುಪುತ್ರಪ್ಪ ತಿರುಗಲಿಲ್ಲ. ಬೆಳಗಿನಿಂದ ಅವನು ಅವಳ ಕಿವಿಯನ್ನು, ಸೆರಗನ್ನು, ಕಾಲಿನ ಬೆರಳುಗಳನ್ನು ನೋಡಿ ಮಾತಾಡಿದ್ದನೇ ಹೊರತು ಕಣ್ಣು ನೋಡಿ ಮಾತಾಡಿರಲಿಲ್ಲ.

ಅವಳು ಹಿಂದಿನ ಸಂಜೆಯ ಗಾಡಿಗೆ ಖಾನಾಪುರದಿಂದ ಬಂದಿದ್ದಳು. ಸ್ಟೇಶನ್ನಿನಿಂದ ಶಹಾಪುರದ ಬಾಡಿಗೆ ಮನೆ ಮುಟ್ಟುವುದರೊಳಗೆ ಹೇಳಿಬಿಡಬೇಕೆಂದು ಅವನು ಪ್ಲಾಟ್‌ಫಾರ್ಮಿನ ಮೇಲೆಯೇ ಮಾತು ಜೋಡಿಸಿ ಇಟ್ಟುಕೊಂಡಿದ್ದ. ಅಕ್ಕಾ, ನಕಾಶೆ ಬದಲಾಗೇತಿ, ಹಿತ್ತಲದಾಗ ನಿನ್ನ ಖೋಲಿ ಬರೂದಿಲ್ಲ. ಇಷ್ಟೇ. ವರ್ಷವಿಡೀ ಮಕ್ಕಳಿಗೆ ಪಾಠ ಒದರಿ ಸವೆದ ಬಾಯಿಗೆ ಇದೇನು ದೊಡ್ಡ ಮಾತಲ್ಲ. ಆದರೆ ಟಾಂಗಾ ಹತ್ತಿ ಕೂಡುವುದೇ ತಡ, ಅವಳು ಗಂಟನ್ನು ಮಡಿಲಲ್ಲಿಟ್ಟುಕೊಂಡು ಶುರು ಮಾಡಿದಳು. "ಎಮ್ಮಿ ನೆರಿಮನಿ ಸಾತವ್ವಗ ಕೊಟ್ಟಬಿಟ್ಟೆ ನೋಡೋ. ನಿಮ್ಮೂರಾಗ ಎಮ್ಮಿ ಎಲ್ಲಿ ಕಟ್ಟಲಿ? ನನ್ನ ಬಾಡಗಿ ಖೋಲಿ ಮಾಲಕಗೂ ಹೇಳೇನಿ, ಬ್ಯಾರೆ ಮಂದೀನ ನೋಡಿಕೊಳ್ಳಪಾ, ದೀಪಾವಳಿಗೆ ನಾ ನನ್ನ ತಮ್ಮನ ಕಡೆ ಹೊಂಟೇನಿ ಅಂತ." ಹಾದಿಯ ಹೊಂಡಗಳಿಗೆ ಟಾಂಗಾ ಕುಲುಕಿದಾಗೆಲ್ಲ ಅವನ ಮಾತು ಗಂಟಲಿನವರೆಗೆ ಬಂದು ಕೆಳಗಿಳಿಯಿತು. ನುಂಗಲಾರದ, ಉಗುಳಲಾರದ ಬಿಸಿ ತುಪ್ಪ. ಮನೆ ಬಂದಾಗ ಅವನು ಟಾಂಗಾದವನ ಜೊತೆ ಸುಮ್ಮಸುಮ್ಮನೆ ಜಗಳ ತೆಗೆದ.

ಖೋಲಿಯ ಮಾತು ಕೊಟ್ಟವನು ಅವನೇ. ಅವಳಿಗೆ ಕಾಮಾಲೆಯಾಗಿ ನೆಲ ಹಿಡಿದಿದ್ದಾಗ ಖಾನಾಪುರಕ್ಕೆ ಓಡಿಹೋಗಿದ್ದ. ಹಳದಿ ಕಣ್ಣು, ಒಲೆಯಲ್ಲಿ ಬೂದಿ, ಬಾಗಿಲಲ್ಲಿ ಹಸಿದ ಎಮ್ಮೆ. ಇನ್ನು ನೀ ಒಬ್ಬಾಕಿ ಇರೂದು ಸಾಕು, ನನ್ನ ಕಡೆ ಬಾ ಎಂದಿದ್ದ. ಅವಳು ಮಲಗಿದಲ್ಲಿಂದಲೇ ತಲೆಯಾಡಿಸಿದ್ದಳು. "ಮಂದಿ ಬಾಗಲದಾಗ ಒಳಗ ಹೊರಗ ಮಾಡಾಕ ನನಗ ಬರೂದಿಲ್ಲೋ. ತಮ್ಮಂದಾದರೂ ಅದು ಮಂದಿ ಬಾಗಲನಽ. ನಂದಂತ ಒಂದು ಬಾಗಲ ಇದ್ದರ ಬರತೇನಿ." ಆಗ ಅವನ ಎದೆ ಉಬ್ಬಿತ್ತು. ಹಿತ್ತಲಲ್ಲಿ ಬೇರೆಯೇ ಒಂದು ಖೋಲಿ, ಬೇರೆ ಬಾಗಿಲು, ಬೇರೆ ಒಲೆ ಎಂದು ಅಲ್ಲೇ ನೆಲದ ಮೇಲೆ ಬೆರಳಿನಿಂದ ಗೀಚಿ ತೋರಿಸಿದ್ದ. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಅದೇ ವರ್ಷ ಅಪ್ಪ ಸತ್ತ ಮೇಲೆ ಹೆಂಚಿನ ಭಟ್ಟಿಯಲ್ಲಿ ಹೊರೆ ಹೊತ್ತು ತಮ್ಮನನ್ನು ಸಾಲೆಗೆ ಹಚ್ಚಿದವಳು. ಸಿಂಬೆ ಕೂತೂ ಕೂತೂ ಅವಳ ನೆತ್ತಿಯ ಮೇಲೆ ರೂಪಾಯಿಯಷ್ಟು ಅಗಲ ಕೂದಲೇ ಬೆಳೆಯುತ್ತಿರಲಿಲ್ಲ. ಅಂಥವಳಿಗೆ ಒಂದು ಖೋಲಿ ಕೊಡುವೆನೆಂದ ದಿನ ಅವನು ಗಾಡಿಯಲ್ಲಿ ತಿರುಗಿ ಬರುವಾಗ ತನ್ನನ್ನು ತಾನೇ ಬಹಳ ಮೆಚ್ಚಿಕೊಂಡಿದ್ದ.

ಪೂಜೆಗೆ ಬಂದ ಮಠದ ಅಯ್ಯನವರು ಈಶಾನ್ಯ ಮೂಲೆಯಲ್ಲಿ ವಿಭೂತಿ ಹಚ್ಚಿದ ಗುದ್ದಲಿ ಇಟ್ಟು, "ಜೋಡಿ ಮುಂದ ಬರ್ರಿ," ಎಂದರು. ಕಾಂತಾ ಕೂಸನ್ನು ಪಕ್ಕದವಳ ಕೈಗೆ ಕೊಟ್ಟು, ಹಸಿರು ಇಳಕಲ್ ಸೀರೆಯ ಸೆರಗು ಸರಿಮಾಡಿಕೊಂಡು ಬಂದು ನಿಂತಳು. ಅಷ್ಟರಲ್ಲಿ ಸಿದ್ದಕ್ಕ ಯಾರೂ ಹೇಳದೆ, ಯಾರ ಮುಖವನ್ನೂ ನೋಡದೆ, ಕೈಯಲ್ಲಿದ್ದ ಹೂವಿನ ಪುಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟು ಪ್ಲಾಟಿನ ಹಿಂಭಾಗಕ್ಕೆ ಸರಿದುಹೋದಳು. ಬಸವಣ್ಣನ ಮಾರ್ಗದವರಿಗೆ ಇಂಥ ಶುಭ ಅಶುಭ ಇಲ್ಲವೆಂದು ಇದೇ ಅಯ್ಯನವರು ಪ್ರತಿ ಶ್ರಾವಣದಲ್ಲಿ ತಾಸುಗಟ್ಟಲೆ ಹೇಳುತ್ತಿದ್ದರು. ಈಗ ಅವರು ಕೈಗಡಿಯಾರ ನೋಡಿಕೊಂಡರು. ಅಕ್ಕಾ, ಯಾಕ ಹೋದಿ, ಇಲ್ಲೇ ನಿಂದರು ಎಂದು ಕರೆಯಲು ಗುರುಪುತ್ರಪ್ಪನಿಗೆ ಒಂದು ಉಸಿರಿನಷ್ಟು ಹೊತ್ತು ಇತ್ತು. ಕರೆಯಲಿಲ್ಲ. ಕರೆದರೆ ಅವಳು ಬರುತ್ತಾಳೆ, ಬಂದರೆ ಕಣ್ಣು ನೋಡಬೇಕಾಗುತ್ತದೆ. ಅವನು ಗುದ್ದಲಿ ಎತ್ತಿ ಇಟ್ಟ ಏಟು ಗಟ್ಟಿ ನೆಲಕ್ಕೆ ತಾಗಿ ಟಣ್ಣೆಂದು ಪುಟಿದು ಅವನ ಮೊಣಕೈಯವರೆಗೆ ಜುಮ್ಮೆಂದಿತು. ಒಂದು ಹಿಡಿ ಮಣ್ಣೂ ಏಳಲಿಲ್ಲ. "ಸೀಮೆಸುಣ್ಣ ಹಿಡಿದ ಕೈರಿ ಅದು," ಎಂದು ಅಗೆಯುವ ಮದಾರಸಾಬ ಹೇಳಿದಾಗ ಮತ್ತೊಮ್ಮೆ ಎಲ್ಲರೂ ನಕ್ಕರು. ಕಾಂತಾಳೂ ನಕ್ಕಳು.

ಕೊಬ್ಬರಿ ಸಕ್ಕರೆ ಹಂಚಿದ ಮೇಲೆ ಅಕ್ಕನ ಪಾಲನ್ನು ಅಂಗೈಯಲ್ಲಿ ಹಿಡಿದುಕೊಂಡು ಅವನು ಹಿಂದಕ್ಕೆ ಹೋದ. ಈಗ ಹೇಳಿಬಿಡುತ್ತೇನೆ ಎಂದುಕೊಂಡೇ ಹೋದ. ಮನೆಯ ಗೆರೆಗಳು ಮುಗಿದು ಸ್ವಲ್ಪ ಜಾಗ ಬಿಟ್ಟು ಒಂದು ಬೇರೆ ಚೌಕವಿತ್ತು, ಉದ್ದಕ್ಕೆ, ಇಕ್ಕಟ್ಟಾಗಿ. ಅದು ಸಂಡಾಸದ ಹೊಲಸು ಇಳಿಯುವ ಟಾಕಿಗೆಂದು ಇಸಾಕ ಹಾಕಿದ ಗೆರೆ. ಮೊದಲಿನ ನಕಾಶೆಯಲ್ಲಿ ಸಿದ್ದಕ್ಕನ ಖೋಲಿ ಇದ್ದದ್ದು ಸರಿಯಾಗಿ ಅಲ್ಲಿಯೇ. ಬಾವಿಯಿಂದ ದೂರ ಟಾಕಿ ಬೇಕು, ಪ್ಲಾಟಿನಲ್ಲಿ ಅಂಥ ಜಾಗ ಅದೊಂದೇ. ಆ ಚೌಕದ ನಡುವೆ ಸಿದ್ದಕ್ಕ ನಿಂತಿದ್ದಳು. ಬಿಸಿಲಿಗೆ ಸೆರಗು ತಲೆತುಂಬ ಹೊದ್ದಿದ್ದಳು. "ಗುರೂ, ಇದಽ ಏನೋ? ನೀ ಹೇಳಿದ್ಹಾಂಗಽ ಬ್ಯಾರೆ ಗೆರಿ ಹಾಕ್ಯಾರ ನೋಡು," ಎಂದಳು.

"ಹೂಂ," ಎಂದ ಅವನು.

ಅದು ಅವನು ಆಡಬೇಕೆಂದು ಆಡಿದ ಸುಳ್ಳಲ್ಲ. ಕೆಮ್ಮು ಬಂದ ಹಾಗೆ ಬಂತು. ಬಂದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಬೇಕಾದ ಧೈರ್ಯ ಮೊದಲೇ ಹೇಳಲು ಬೇಕಾಗಿದ್ದ ಧೈರ್ಯಕ್ಕಿಂತ ಇಮ್ಮಡಿಯಾಗಿತ್ತು. ಸಿದ್ದಕ್ಕ ಕೊಬ್ಬರಿಯನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು. "ಸಣ್ಣದೈತಿ ಅನಸ್ತು ಮೊದಲ. ಆಮ್ಯಾಲ ಇಸಾಕ ಅಂದದ್ದು ನೆನಪಾತು, ಗ್ವಾಡಿ ಎದ್ದಮ್ಯಾಲ ದೊಡ್ಡದಾಗತೈತಿ. ಒಬ್ಬಾಕಿಗೆ ಎಷ್ಟರ ಬೇಕೋ?" ಎಂದವಳು ಅಲ್ಲಿಯೇ ಕೂತು ಕಾಲು ಚಾಚಿ ನೋಡಿದಳು. ಇಲ್ಲಿ ಒಲೆ, ಇಲ್ಲಿ ನೀರಿನ ಕೊಡ, ಈ ಮೂಲೆಯಲ್ಲಿ ಕೂತು ಲಿಂಗಪೂಜೆ. ತಲೆ ಈ ಕಡೆ ಹಾಕಿದರೆ ಉತ್ತರವಾಯಿತು, ಬೇಡ, ಆ ಕಡೆ. "ಬಾಗಲ ಎಲ್ಲಿ ಬರತೈತೋ?" ಎಂದು ಕೇಳಿದಾಗ ಅವನ ಕೈ ತಾನಾಗಿ ಎದ್ದು ಪೂರ್ವಕ್ಕೆ ತೋರಿಸಿತು. ಅವಳು ಎದ್ದು ಸೀರೆ ಕೊಡವಿ, ಅವನು ತೋರಿಸಿದ ಕಡೆಯಿಂದ ಹೊರಗೆ ಹೋಗಿ, ಮತ್ತೆ ಬಲಗಾಲಿಟ್ಟು ಒಳಗೆ ಬಂದಳು. ಅತ್ತ ಬಾವಿಯ ಪಕ್ಕಕ್ಕೆ ನಿಂತಿದ್ದ ಇಸಾಕ ಬೀಡಿ ಹಚ್ಚುವುದನ್ನು ಬಿಟ್ಟು ಇದನ್ನು ನೋಡುತ್ತಿದ್ದ. ಅವನ ಕಣ್ಣನ್ನೂ ಮಾಸ್ತರ ತಪ್ಪಿಸಬೇಕಾಯಿತು. ಒಂದೇ ಮುಂಜಾನೆಯಲ್ಲಿ ಎಷ್ಟು ಜನರ ಕಣ್ಣು ತಪ್ಪಿಸುವುದು?

ಕಾಂತಾಳಿಗೆ ಗೊತ್ತಾಗಲು ಒಂದು ದಿನವೂ ಬೇಕಾಗಲಿಲ್ಲ. ಮರುದಿನ ಸಿದ್ದಕ್ಕ ನೀರಿಗೆಂದು ನಳಕ್ಕೆ ಹೋದಾಗ ಅವಳು ಹಿಟ್ಟಿನ ಕೈಯಲ್ಲೇ ಬಂದು ಅವನ ಮುಂದೆ ನಿಂತಳು. "ಅಕ್ಕಾರು ನನ್ನ ಕೇಳತಾರ, ಖೋಲಿ ಕಿಡಕಿ ಯಾವ ಕಡೆ ಇಡಸೂಣು ಅಂತ. ನಾ ಏನಂತ ಹೇಳಲಿ? ನೀವಽ ಹೇಳ್ರಿ. ಎಲ್ಲಾದಕ್ಕೂ ನಾನಽ ಯಾಕ ಕೆಟ್ಟಾಕಿ ಆಗಬೇಕು?" ಹೇಳತೇನಿ ಎಂದ ಅವನು. "ಯಾವಾಗ? ಟಾಕಿಗೆ ಮುಚ್ಚಳ ಹಾಕಿದಮ್ಯಾಲ?" ಎಂದಳು ಅವಳು. ಈ ಬಾಡಿಗೆಯ ವಾಡೆಯಲ್ಲಿ ಆರು ಮನೆಗೆ ಒಂದು ಸಂಡಾಸ. ಲಗ್ನವಾಗಿ ಬಂದ ದಿನದಿಂದ ಅವಳು ಕೈಯಲ್ಲಿ ಡಬ್ಬಿ ಹಿಡಿದು ಗಂಡಸರ ಹಿಂದೆ ಮುಂದೆ ಸಾಲು ಹಚ್ಚಿದವಳು. ತುಂಬಿದ ಬಸುರಿಯಾಗಿ ಅದೇ ಸಾಲಿನಲ್ಲಿ ನಿಂತಾಗ ಮಾಲಕನ ಮಗ ಏನೋ ಅಂದದ್ದು, ಅವಳು ಗೋಡೆ ಹಿಡಿದು ಅತ್ತದ್ದು, ಮೇಲಿನ ಕಿಟಕಿಯಿಂದ ತಾನು ಅದನ್ನು ನೋಡಿಯೂ ಕೆಳಗಿಳಿದು ಹೋಗದೆ ಉತ್ತರಪತ್ರಿಕೆ ತಿದ್ದುತ್ತ ಕೂತದ್ದು ಎಲ್ಲ ಅವನಿಗೆ ನೆನಪಾಯಿತು. "ಅಕ್ಕಾರು ಪಡಸಾಲ್ಯಾಗ ಇರಲಿ, ನಡುಮನ್ಯಾಗ ಇರಲಿ, ನಾ ಬ್ಯಾಡ ಅಂದೇನೇನು? ನನಗ ಬೇಕಾದ್ದು ಅದೊಂದಽರೀ," ಎಂದಳು ಕಾಂತಾ. ಅವಳದ್ದು ತಪ್ಪು ಎನ್ನಲು ಬಂದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಇಬ್ಬರದ್ದೂ ಸರಿಯಾಗಿತ್ತು. ತಪ್ಪಿಗೆ ಉಳಿದವನು ಅವನೊಬ್ಬನೇ.

ಟಾಕಿಯನ್ನು ಎಲ್ಲಕ್ಕೂ ಕೊನೆಗೆ ತೋಡೋಣ ಎಂದು ಅವನು ಇಸಾಕನಿಗೆ ಹೇಳಿ ನೋಡಿದ. ಇಸಾಕ ದಾರ ಸುತ್ತುತ್ತ, ಕೆಳದನಿಯಲ್ಲಿ, "ಅಕ್ಕಾರಿಗೆ ಹೇಳಿಲ್ಲೇನ್ರಿ?" ಎಂದ. ಮಾಸ್ತರ ಬಗ್ಗಿ ಒಂದು ಗೂಟ ಅಲುಗಾಡಿಸಿ ನೋಡಿದ. "ಅಲ್ಲಿ ಮಣ್ಣು ಮುಂದಿನ ತಗ್ಗಿಗೆ ಬೇಕ್ರಿ ಮಾಸ್ತರ. ಮಳಿ ಬಿದ್ದರ ಕೆಲಸ ಕೆಡತೈತಿ. ಇಂದಽ ಹಿಡೀಬೇಕು." ಅಷ್ಟು ಹೇಳಿ ಅವನು ಹೋದ. ಬೈದಿದ್ದರೆ, ಛೀ ಎಂದಿದ್ದರೆ ತಡೆದುಕೊಳ್ಳಬಹುದಿತ್ತು. ಆತ ಮಾತ್ರ ಆ ದಿನದಿಂದ ಮಾಸ್ತರನ ಜೊತೆ ಮಾತಾಡುವಾಗ ಬೇನೆಯವರ ಮನೆಯಲ್ಲಿ ಮಾತಾಡಿದಂತೆ ದನಿ ತಗ್ಗಿಸತೊಡಗಿದ. ಗುರುಪುತ್ರಪ್ಪನಿಗೆ ಅವನನ್ನು ಕಂಡರೆ ಮೈ ಉರಿಯತೊಡಗಿತು.

ಸಾಲೆಗೆ ಬೇಸಿಗೆ ಸೂಟಿ. ದಿನಾಲು ಮುಂಜಾನೆ ಅಕ್ಕ ತಮ್ಮ ಇಬ್ಬರೂ ಪ್ಲಾಟಿಗೆ ಬರುತ್ತಿದ್ದರು. ಬರಬೇಡ, ಬಿಸಿಲು ಎಂದರೆ ಅವಳು ಕೇಳುತ್ತಿರಲಿಲ್ಲ. ರೊಟ್ಟಿ ಝುಣಕದ ಗಂಟು ಹೊತ್ತು ತಂದು ಕೆಲಸದವರಿಗೂ ಹಂಚುತ್ತಿದ್ದಳು. ಮದಾರಸಾಬ ಅಗೆದು ಕೊಟ್ಟ ಮಣ್ಣನ್ನು ಅವನ ಹೆಂಡತಿ ಮದರಬೀ ಬುಟ್ಟಿಯಲ್ಲಿ ಹೊತ್ತು ಮುಂದಿನ ತಗ್ಗಿಗೆ ಸುರಿಯುತ್ತಿದ್ದಳು. ಸಿದ್ದಕ್ಕ ಅವಳ ಸಿಂಬೆ ಬಿಚ್ಚಿ ತಾನೇ ಬಿಗಿಯಾಗಿ ಸುತ್ತಿ ಕೊಟ್ಟಳು. "ನೆಲ ಭಾರಿ ಗಟ್ಟಿ ಐತ್ರೀ ಅಕ್ಕಾ," ಎಂದಳು ಮದರಬೀ. "ಒಮ್ಮೆ ಕಟ್ಟಿದರ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಏನೂ ಆಗೂದಿಲ್ಲ." ಸಿದ್ದಕ್ಕನ ಮುಖ ಅರಳಿತು. "ನಂದೇನವಾ, ಇರೂತನಾ ಇದ್ದರ ಸಾಕು," ಎಂದಳು. ದಾರ ಹಿಡಿದು ನಿಂತಂತೆ ನಟಿಸುತ್ತಿದ್ದ ಮಾಸ್ತರ ಅದನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದ. ಇನ್ನೊಂದು ಮಾತು ಹೆಚ್ಚಿಗೆ ಬಿದ್ದರೆ ಎಲ್ಲ ಬಯಲಾಗುತ್ತದೆ. ಬಯಲಾಗಲಿ, ನನ್ನ ಬಾಯಿಂದಲ್ಲದೆ ಬೇರೆ ಯಾರ ಬಾಯಿಂದಾದರೂ ಆಗಲಿ ಎಂದೂ ಅವನು ಬೇಡಿಕೊಳ್ಳುತ್ತಿದ್ದ.

ಮನೆಯ ಕಡೆ ಗೆರೆಗುಂಟ ಮಾತ್ರ ಪಾಯಾ ತೋಡಿದ್ದರು. ಹಿತ್ತಲಲ್ಲಿ ಚೌಕವಿಡೀ ಕೆಳಗಿಳಿಯುತ್ತಿತ್ತು. ಇದು ಅವಳ ಕಣ್ಣಿಗೆ ಬೀಳದೆ ಇರಲಿಲ್ಲ. "ಇಲ್ಲೆ ಇಡೀ ನೆಲಾನಽ ತಗ್ಯಾಕತ್ತಾರಲ್ಲೋ ಗುರೂ?" ಎಂದಳು. "ಮ್ಯಾಲ ಗಟ್ಟಿ ಕಂಡರೂ ಇಲ್ಲಿ ಕೆಳಗ ಮಣ್ಣು ಸಡಲ ಐತಿ. ಎಲ್ಲಾ ತಗದು ಮುರುಮ ತುಂಬಿ ಗಟ್ಟಿ ಮಾಡತಾರ," ಎಂದ. ಸುಳ್ಳು ಈಗ ಕೆಮ್ಮಿನಂತೆ ಬರುತ್ತಿರಲಿಲ್ಲ. ಕರಿಹಲಗೆಯ ಮೇಲೆ ಬರೆದು ಕಲಿಸುವ ಪಾಠದಂತೆ ಸರಾಗವಾಗಿ ಬರುತ್ತಿತ್ತು. ಅವಳು ಹೋಗಿ ಮದರಬೀಗೆ ಬುಟ್ಟಿ ಎತ್ತಿಕೊಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಅವನ ಬಳಿ ಬಂದು, ಇಸಾಕನಿಗೆ ಕೇಳಿಸದಂತೆ, "ನನ್ನ ಖೋಲಿಗೆ ಇಷ್ಟ್ಯಾಕ ಮಾಡಸ್ತೀಯೋ? ಇದ್ದ ನೆಲದ ಮ್ಯಾಲ ನಾಕು ಗ್ವಾಡಿ ಎಬ್ಬಿಸಿದ್ದರ ಆಗತಿತ್ತು. ಕಾಂತಾ ಏನರ ಅಂದಾಳು," ಎಂದಳು. ಅವಳ ಮುಖದಲ್ಲಿ ನಾಚಿಕೆಯಿತ್ತು. ತನಗಾಗಿ ಬೇರೆಯವರು ಕಷ್ಟಪಡುವುದನ್ನು ಎಂದೂ ನೋಡದವಳ ನಾಚಿಕೆ. ಗುರುಪುತ್ರಪ್ಪನಿಗೆ ಎಲ್ಲಾದರೂ ಓಡಿಹೋಗಬೇಕೆನಿಸಿತು. ಬಾವಿಯ ಕಡೆ ಹೋಗಿ ಮುಖ ತೊಳೆದುಕೊಂಡು ಬಂದ. ನಾನು ಅವಳಿಗೆ ನೋವಾಗಬಾರದೆಂದು ಸುಮ್ಮನಿಲ್ಲ, ನೊಂದ ಅವಳ ಮುಖ ನನಗೆ ಕಾಣಬಾರದೆಂದು ಸುಮ್ಮನಿದ್ದೇನೆ ಎಂಬುದು ಅವನಿಗೆ ಆಗ ಚೆನ್ನಾಗಿ ತಿಳಿಯಿತು. ತಿಳಿದ ಮೇಲೂ ಹೋಗಿ ದಾರ ಹಿಡಿದು ನಿಂತ. ಮದಾರಸಾಬ ಅಗೆಯುತ್ತ ಅಗೆಯುತ್ತ ಸೊಂಟದವರೆಗೆ ಇಳಿದ, ಭುಜದವರೆಗೆ ಇಳಿದ. ಆಮೇಲೆ ಅವನ ತಲೆಯ ರುಮಾಲೂ ಕಾಣದೆ ಮಣ್ಣಿನ ಬುಟ್ಟಿ ಮಾತ್ರ ಮೇಲೆ ಬರತೊಡಗಿತು. ಸತ್ತ ಅಪ್ಪನನ್ನು ಕೂರಿಸಿ ಇಳಿಸಿದ ಕುಣಿಯೂ ಇಷ್ಟೇ ಆಳವಿತ್ತು. ಹಣೆಯ ತುಂಬ ವಿಭೂತಿ ಬಳಿದುಕೊಂಡು ಕೂತ ಅಪ್ಪ ಯಾರದೋ ಮನೆಗೆ ಬೀಗರಾಗಿ ಬಂದವರಂತೆ ಕಾಣುತ್ತಿದ್ದ. ಮೊದಲ ಬುಟ್ಟಿ ಮಣ್ಣು ಸುರಿದಾಗ ಸಿದ್ದಕ್ಕ ಸಣ್ಣ ತಮ್ಮನ ಮುಖವನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ಅವನ ಕಣ್ಣು ಮುಚ್ಚಿದ್ದಳು. ಅವಳ ಸೀರೆಗೆ ಹಸಿ ಮಣ್ಣಿನ ವಾಸನೆ ಇತ್ತು.

ಟಾಕಿಯ ತಳ ಸಮ ಮಾಡುತ್ತಿದ್ದ ದಿನ ಮಧ್ಯಾಹ್ನ ಖಾನಾಪುರದ ಕಡೆಯಿಂದ ಒಂದು ಲಾರಿ ಬಂತು. ಹುಲ್ಲಿನಲ್ಲಿ ಸುತ್ತಿದ ಮಣ್ಣಿನ ಪೈಪುಗಳನ್ನು ಇಳಿಸಿದರು, ಕಂದು ಬಣ್ಣದ ಹೊಳೆಯುವ ಪೈಪುಗಳು, ಒಂದು ತುದಿ ಗಂಟೆಯಂತೆ ಅಗಲ. ಸಿದ್ದಕ್ಕ ಊಟದ ಗಂಟು ಬಿಟ್ಟು ಓಡಿಯೇ ಹೋದಳು. "ನಮ್ಮ ಭಟ್ಟೀವು!" ಎಂದಳು ಮದರಬೀಗೆ. ಒಂದರ ಬಾಯಿಯ ಸುತ್ತ ಅಂಗೈ ಆಡಿಸಿದಳು, ಬೆರಳಿನಿಂದ ಬಾರಿಸಿ ದನಿ ಕೇಳಿದಳು. "ಹೆಂಚಿನ ಕೆಲಸ ಕಡಿಮಿ ಇದ್ದಾಗ ಇವನ್ನ ಹೊರತಿದ್ವಿ, ಶಹರದ ಸಂಡಾಸಕ್ಕ ಹೋಗತಿದ್ವು. ಹೊತ್ತು ಹೊತ್ತಽ ನೆತ್ತಿ ಬೋಳಾತು ನೋಡು. ಒಂದು ಒಡದರ ಮುಕಾದಮ ಅರ್ಧ ದಿನದ ಪಗಾರ ಹಿಡೀತಿದ್ದ." ಮಾತಾಡುತ್ತಿದ್ದ ಅವಳ ಕೈ ಪೈಪಿನ ಮೇಲೆಯೇ ನಿಂತಿತು. ಎಲ್ಲಿಗೆ ಬಂದಿವೆ ಇವು ಎಂದು ಅವಳು ಯಾರನ್ನೂ ಕೇಳಲಿಲ್ಲ. ಇಸಾಕ ತೋಡಿಸಿದ್ದ ಸಣ್ಣ ಕಾಲುವೆಯೊಂದು ಮನೆಯ ಒಂದು ಮೂಲೆಯಿಂದ ಹೊರಟು ಹಿತ್ತಲಿಗೆ ಹೋಗಿತ್ತು. ಅವಳು ಆ ಮೂಲೆಗೆ ಹೋದಳು. ಕಾಲುವೆಯ ಅಂಚಿನಲ್ಲೇ ಒಂದೊಂದು ಹೆಜ್ಜೆ ಇಡುತ್ತ, ಕಳೆದದ್ದನ್ನು ಹುಡುಕುವವಳಂತೆ ತಲೆ ಬಗ್ಗಿಸಿಕೊಂಡು, ಅದು ಕೂಡುವ ಜಾಗದವರೆಗೆ ಬಂದಳು. ಬಂದು ಗುಂಡಿಯ ಬಾಯಲ್ಲಿ ನಿಂತಳು. ಒಳಗೆ ನೋಡಿದಳು.

ಗುರುಪುತ್ರಪ್ಪ ಎಲ್ಲವನ್ನೂ ಕಂಡ. ಕಂಡು, ಅವಳಿಗೆ ಬೆನ್ನು ಹಾಕಿ, ಪಡಸಾಲೆಯ ಪಾಯಾದಲ್ಲಿ ಕೂತು ಗೂಟಕ್ಕೆ ಕಟ್ಟಿದ ದಾರವನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದ. ಅಳು ಕೇಳಿಸುತ್ತದೆ ಎಂದುಕೊಂಡ. ಬೈಗುಳ ಕೇಳಿಸುತ್ತದೆ ಎಂದುಕೊಂಡ. ಕೆಲಸದವರ ಮುಂದೆ, ಪಕ್ಕದ ಪ್ಲಾಟಿನವರ ಮುಂದೆ ಅವಳು ನನ್ನ ಮಾನ ತೆಗೆಯಲಿ, ಎರಡು ಏಟು ಹಾಕಲಿ. ಗುದ್ದಲಿಯ ಸದ್ದು ನಿಂತಿತ್ತು. ಇಸಾಕನೂ ಗುಂಡಿಯಿಂದ ಹತ್ತಿ ಬಂದ ಮದಾರಸಾಬನೂ ಬಾವಿಯ ಕಡೆ ನಡೆದುಹೋದರು. ಅವರಿಗೂ ಗೊತ್ತು, ಎಲ್ಲರಿಗೂ ಗೊತ್ತು. ದಾರದ ಗಂಟು ಅವನ ಕೈಗೆ ಸಿಕ್ಕುತ್ತಿರಲಿಲ್ಲ.

"ಗುರೂ, ಇಲ್ಲಿ ಬಾ," ಎಂದಳು ಸಿದ್ದಕ್ಕ. ಊಟಕ್ಕೆ ಕರೆದಷ್ಟೇ ಸಾದಾ ದನಿ.

ಅವನು ಹೋಗಿ ಗುಂಡಿಯ ಈಚೆ ನಿಂತ. ಅವಳು ಆಚೆ ಇದ್ದಳು. ಮಣ್ಣಿನ ತಂಪು ಕೆಳಗಿನಿಂದ ಎದ್ದು ಕಾಲಿಗೆ ಬಡಿಯುತ್ತಿತ್ತು. ಈಗಲಾದರೂ ಅವಳ ಕಣ್ಣು ನೋಡಬೇಕೆಂದು ತಲೆ ಎತ್ತಿದರೆ ಅವಳೇ ಬೇರೆ ಕಡೆ ನೋಡುತ್ತಿದ್ದಳು, ಅವನಿಗೆ ತ್ರಾಸಾಗದಿರಲಿ ಎಂಬಂತೆ. "ಬಸರಿದ್ದಾಗ ಕಾಂತಾ ಆ ಸಾಲಿನಾಗ ನಿಂತದ್ದು ನಾ ನೋಡೇನಿ," ಎಂದಳು. "ಬಾಣಂತನಕ್ಕ ಬಂದಾಗ. ಆಕಿಗೂ ಬೇಕಲ್ಲೋ ಪಾಪ. ಹೆಣ್ಣಮಕ್ಕಳಿಗೆ ಅದು ಬೇಕಽ ಬೇಕು." ಆಮೇಲೆ, "ನನಗ ಗೊತ್ತಾತಂತ ಆಕಿ ಮುಂದ ಅನಬ್ಯಾಡ. ಕುಗ್ಗತಾಳ. ಖಾನಾಪುರದಾಗ ಯಾರರ ಕೇಳಿದರ ನನಗಽ ಬೆಳಗಾವಿ ನೀರು ಒಗ್ಗಲಿಲ್ಲಂತ ಹೇಳತೇನಿ. ಸಾತವ್ವ ಎಮ್ಮಿ ತಿರುಗಿ ಕೊಟ್ಟರೂ ಕೊಟ್ಟಾಳು," ಎಂದಳು.

ಇಷ್ಟು ಹೇಳಿ ಅವಳು ಹೊರಡಲಿಲ್ಲ. ಸೆರಗನ್ನು ಒಮ್ಮೆ ತಲೆಯ ಮೇಲೆ ಸರಿಮಾಡಿಕೊಂಡು ನಿಂತೇ ಇದ್ದಳು. ಅವಳು ಕಾಯುತ್ತಿದ್ದಾಳೆ ಎಂಬುದು ಗುರುಪುತ್ರಪ್ಪನಿಗೆ ತಿಳಿಯಿತು. ಒಂದು ಮಾತಿಗೆ ಕಾಯುತ್ತಿದ್ದಾಳೆ. ಹೋಗಬ್ಯಾಡಕ್ಕಾ ಎನ್ನಬೇಕು, ಅಷ್ಟೇ. ತಪ್ಪಾಯಿತು ಎನ್ನುವುದೂ ಬೇಕಾಗಿರಲಿಲ್ಲ. ಆ ಮಾತು ನಾಲಿಗೆಯ ಮೇಲೆ ಇತ್ತು ಕೂಡ. ಆದರೆ ಅದಕ್ಕಿಂತ ಮೊದಲು, ನಾಚಿಕೆಗಿಂತ ದುಃಖಕ್ಕಿಂತ ಎಷ್ಟೋ ಮೊದಲು, ಅವನ ಎದೆಯಲ್ಲಿ ಏನೋ ಹಗುರಾಯಿತು. ಮುಗಿಯಿತು. ನಾನು ಹೇಳಬೇಕಾಗಿ ಬರಲಿಲ್ಲ. ಯಾರೂ ಕೂಗಲಿಲ್ಲ, ಕಾಂತಾಳಿಗೂ ಏನೂ ಹೇಳಬೇಕಾಗಿಲ್ಲ, ನಾಳೆಯಿಂದ ಯಾರ ಕಣ್ಣನ್ನೂ ತಪ್ಪಿಸಬೇಕಾಗಿಲ್ಲ. ಎಷ್ಟೋ ದಿನಗಳ ಮೇಲೆ ಉಸಿರು ಹೊಟ್ಟೆಯವರೆಗೆ ಇಳಿಯಿತು. ಆ ಸುಖವನ್ನು ಅವನು ಗುರುತಿಸಿದ, ಹೇಸಿದ. ಹೇಸಿದರೂ ಅದು ಹೋಗಲಿಲ್ಲ. ಬಾಯಿ ತೆರೆದ. ಹೋಗಬ್ಯಾಡ ಎನ್ನಲೆಂದೇ ತೆರೆದ.

"ಗಾಡಿ ಎಷ್ಟಕ್ಕೈತಿ ಅಕ್ಕಾ?"

ಮಾತು ಹೊರಗೆ ಬಿದ್ದದ್ದು ಅವನಿಗೇ ಕೇಳಿಸಿತು. ಸಿದ್ದಕ್ಕ ಆಗ ಮೊದಲ ಸಲ ನೇರವಾಗಿ ಅವನ ಮುಖ ನೋಡಿದಳು. ನೋಡಿ, ಎರಡನೆಯ ಸಲ ಕೇಳುವ ಕಷ್ಟ ತಮ್ಮನಿಗೆ ಬರಬಾರದೆಂಬಂತೆ, ತಕ್ಷಣ ಹೇಳಿದಳು.

"ಐದಕ್ಕೈತಿ. ಈಗ ಹೊಂಟರ ಸಿಗತೈತಿ."